ಲೈಕಮಿಂಗ್ ಓ-320ಗೆ ಹೊಸ ಫ್ಯೂಯಲ್ ಪಂಪ್: ಪಂಪಿಗೆ ನಾಲ್ಕು ಸ್ಟಾರ್, ಡಬ್ಬಿಯೊಳಗಿನ ಕಾಗದಕ್ಕೆ ಒಂದು

ಸಣ್ಣ ವಿಮಾನಗಳಲ್ಲಿ ಬರುವ ಲೈಕಮಿಂಗ್ ಓ-320 ಎಂಜಿನ್ನಿಗೆ ನಾನು ಹಾಕಿದ ಈ ಪಂಪ್ ಚೆನ್ನಾಗಿದೆ. ಅಷ್ಟು ತಿಳಿದರೆ ಸಾಕು ಅನ್ನುವವರು ಇಲ್ಲಿಗೇ ನಿಲ್ಲಿಸಬಹುದು. ಹಾಕಿದ ಮೇಲೆ ಪ್ರೆಶರ್ ಸರಿಯಾಗಿ ಬರುತ್ತಿದೆ, ಡ್ರೈನ್ ಪೈಪಿನಿಂದ ಒಂದು ತೊಟ್ಟೂ ಬಿದ್ದಿಲ್ಲ. ಆದರೆ ಕೌಲಿಂಗ್ (ಎಂಜಿನ್ ಮೇಲಿನ ಮುಚ್ಚಳ) ತೆಗೆದಾಗಲೆಲ್ಲ ಪೆಟ್ರೋಲ್ ವಾಸನೆ ಬರುತ್ತದೆ, ಪಂಪ್ ಹೋಗಿರಬೇಕು, ಹೊಸದು ತರಿಸೋಣ ಅಂತ ಯೋಚಿಸುತ್ತಿರುವವರು ಪೂರ್ತಿ ಓದಿ. ಯಾಕೆಂದರೆ ನನ್ನ ಎಂಜಿನ್ನಿನಲ್ಲಿ ಸೋರುತ್ತಿದ್ದದ್ದು ಮೂರು ಕಡೆ. ಪಂಪ್ ಬದಲಿಸಿದ್ದರಿಂದ ನಿಂತಿದ್ದು ಅದರಲ್ಲಿ ಒಂದು ಮಾತ್ರ.

ನನ್ನದು ಮನೆಯಲ್ಲಿ ಕಟ್ಟಿದ ಆರ್‌ವಿ-6 ವಿಮಾನ. ಎರಡು ಸೀಟು, ರೆಕ್ಕೆ ಕೆಳಗೆ. ಪೂರ್ತಿ ನಾನೇ ಕಟ್ಟಿದ್ದಲ್ಲ, ಅರ್ಧ ಮುಗಿದಿದ್ದನ್ನು ಇನ್ನೊಬ್ಬರಿಂದ ಕೊಂಡಿದ್ದು. ಎಂಜಿನ್ ಕೂರಿಸಿ ಫ್ಯೂಯಲ್ ಲೈನ್ ಎಳೆದಿದ್ದು ಅವರು. ತಗಡಿನ ಕೆಲಸದಲ್ಲಿ ಅವರ ಕೈ ಬಹಳ ಚೊಕ್ಕ, ರಿವೆಟ್ ಸಾಲು ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಪೈಪಿನ ಕೆಲಸದ ಬಗ್ಗೆ ಮುಂದೆ ಹೇಳುತ್ತೇನೆ.

ಹೊಟ್ಟೆಪಾಡಿಗೆ ನಾನು ಹೈಡ್ರಾಲಿಕ್ ಪ್ರೆಸ್‌ಗಳ ರಿಪೇರಿ ಮಾಡುತ್ತೇನೆ. ಅಂದರೆ ಸೋರಿಕೆಯೇ ನನ್ನ ಅನ್ನ. ಪ್ರೆಸ್‌ನಲ್ಲಿ ಆಯಿಲ್ ಜಿನುಗಿದರೆ ಕೆಳಗೊಂದು ಟ್ರೇ ಇಟ್ಟು ರಜಾ ದಿನದ ತನಕ ದೂಡಬಹುದು. ಕೆಂಪಗೆ ಕಾದ ಎಕ್ಸಾಸ್ಟ್ ಪೈಪಿನ ಹತ್ತಿರ ಪೆಟ್ರೋಲ್ ಜಿನುಗಿದರೆ ಹಾಗೆ ದೂಡಲು ಆಗುವುದಿಲ್ಲ. ಅದು ನಿಲ್ಲುವ ತನಕ ವಿಮಾನ ಹಾರುವ ಹಾಗಿಲ್ಲ, ಅಷ್ಟೇ.

ಬ್ರಾಂಡ್ ಹೆಸರು ಬೇಕೆಂದೇ ಹಾಕಿಲ್ಲ. ಈ ಎಂಜಿನ್ನಿಗೆ ಕೂರುವ ಪಂಪ್‌ಗಳೆಲ್ಲ ಹೆಚ್ಚುಕಡಿಮೆ ಒಂದೇ ನಮೂನೆಯವು. ನಾನು ಹೇಳುವುದು ಯಾವುದನ್ನು ತರಿಸಿದರೂ ಅನ್ವಯಿಸುತ್ತದೆ.

ಪಂಪ್ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದೆ ಸೋರಿಕೆ ಹುಡುಕುವುದು ಕತ್ತಲಲ್ಲಿ ಕೈಯಾಡಿಸಿದಂತೆ. ಅದಕ್ಕೆ ಸ್ವಲ್ಪ ಹೇಳಿ ಮುಂದೆ ಹೋಗುತ್ತೇನೆ. ಪಂಪ್ ಇರುವುದು ಎಂಜಿನ್ನಿನ ಹಿಂಭಾಗದ ಆಕ್ಸೆಸರಿ ಕೇಸ್ ಮೇಲೆ, ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಮ್ಯಾಗ್ನೆಟೋ ಕೆಳಗೆ. ಹಿಡಿದಿರುವುದು ಎರಡೇ ಬೋಲ್ಟು. ಕೇಸಿನ ಒಳಗೆ ಒಂದು ಕ್ಯಾಮ್ ತಿರುಗುತ್ತದೆ, ಅದು ಪ್ಲಂಜರ್ ಅನ್ನುವ ಕಡ್ಡಿಯನ್ನು ಒತ್ತುತ್ತದೆ, ಪ್ಲಂಜರ್ ಪಂಪಿನ ತೋಳನ್ನು ಒತ್ತುತ್ತದೆ. ತೋಳು ಡಯಾಫ್ರಮ್ ಅನ್ನುವ ರಬ್ಬರ್ ಹಾಳೆಯನ್ನು ಎಳೆದಾಗ ಇಂಧನ ಒಳಗೆ ಬರುತ್ತದೆ. ವಾಪಸ್ ತಳ್ಳುವ ಕೆಲಸ ಎಂಜಿನ್ನಿನದಲ್ಲ, ಸ್ಪ್ರಿಂಗಿನದು. ಹಾಗಾಗಿ ಪ್ರೆಶರ್ ಎಷ್ಟಿರಬೇಕು ಅಂತ ನಿರ್ಧರಿಸುವುದೂ ಆ ಸ್ಪ್ರಿಂಗೇ. ಕಾರ್ಬ್ಯುರೇಟರ್ ಇರುವ ಓ-320ಗೆ ಕೈಪಿಡಿಯಲ್ಲಿರುವ ಲೆಕ್ಕ ಕನಿಷ್ಠ 0.5 ಪಿಎಸ್ಐ (ಚದರ ಇಂಚಿಗೆ ಪೌಂಡ್), ಗರಿಷ್ಠ 8, ಇರಬೇಕಾದ್ದು 3ರ ಆಸುಪಾಸು.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಇದರಲ್ಲಿ ಇಂಧನದ ಕಡೆಗೊಂದು, ಎಂಜಿನ್ ಆಯಿಲ್ ಕಡೆಗೊಂದು ತಡೆ ಇದೆ. ಎರಡರ ನಡುವೆ ಖಾಲಿ ಜಾಗ. ಆ ಜಾಗದಿಂದ ಒಂದು ಸಣ್ಣ ನಿಪ್ಪಲ್ ಹೊರಗೆ ಬಂದಿರುತ್ತದೆ. ಅದಕ್ಕೆ ಪೈಪು ಸಿಕ್ಕಿಸಿ ಕೌಲಿಂಗ್ ಕೆಳಗೆ ಗಾಳಿಗೆ ಬಿಡಬೇಕು, ಡ್ರೈನ್ ಪೈಪ್ ಅನ್ನುವುದು ಇದನ್ನೇ. ಡಯಾಫ್ರಮ್ ಹರಿದರೆ ಇಂಧನ ಕ್ರ್ಯಾಂಕ್‌ಕೇಸ್‌ಗೆ ಹೋಗಿ ಆಯಿಲ್ ಜೊತೆ ಬೆರೆಯುವ ಬದಲು ಈ ಪೈಪಿನಿಂದ ಹೊರಗೆ ಬರಲಿ ಅಂತ ಈ ಏರ್ಪಾಡು. ಪೈಪಿನ ತುದಿ ನೋಡಿದರೆ ಪಂಪಿನ ಹೊಟ್ಟೆಯಲ್ಲಿ ಏನಾಗಿದೆ ಅಂತ ಗೊತ್ತಾಗುತ್ತದೆ. ಅಲ್ಲಿಂದ ಇಂಧನ ಬಂದರೆ ಇಂಧನದ ಕಡೆಯ ಡಯಾಫ್ರಮ್ ಹೋಗಿದೆ. ಆಯಿಲ್ ಬಂದರೆ ಆ ಕಡೆಯದು. ಇಷ್ಟು ಒಳ್ಳೆಯ ಪತ್ತೇದಾರನನ್ನು ಪಂಪಿನ ಜೊತೆಗೇ ಕೊಟ್ಟಿದ್ದಾರೆ, ಆದರೆ ಎಷ್ಟೋ ವಿಮಾನಗಳಲ್ಲಿ ಆ ನಿಪ್ಪಲ್‌ಗೆ ಪೈಪೇ ಇರುವುದಿಲ್ಲ. ಇನ್ನೂ ಕೆಟ್ಟದ್ದು ಅಂದರೆ ಬೂಚು ಹಾಕಿ ಮುಚ್ಚಿರುತ್ತಾರೆ. ನನ್ನದರಲ್ಲಿ ಪೈಪಿತ್ತು, ಆದರೆ ಅದರ ತುದಿ ಕೌಲಿಂಗ್ ಒಳಗೇ, ಎಕ್ಸಾಸ್ಟ್ ಕಡೆಗೆ ಮುಖ ಮಾಡಿಕೊಂಡು ನಿಂತಿತ್ತು. ಹೊಸ ಪಂಪಿನ ಡಬ್ಬಿಯಲ್ಲಿ ಬಂದ ಸೂಚನೆಯ ಕಾಗದದಲ್ಲಿ ಈ ನಿಪ್ಪಲ್ ಬಗ್ಗೆ ಒಂದು ಸಾಲೂ ಇಲ್ಲ. ಒಂದು ಸ್ಟಾರ್ ಕೊಟ್ಟಿದ್ದು ಸುಮ್ನೆ ಅಲ್ಲ.

ಈಗ ಹುಡುಕಾಟದ ವಿಷಯ. ಈ ಇಡೀ ರಿಪೇರಿಯಲ್ಲಿ ನಾನು ಕೊಂಡ ಅತ್ಯುತ್ತಮ ವಸ್ತು ಪಂಪ್ ಅಲ್ಲ, ಒಂದು ಸ್ಪ್ರೇ ಡಬ್ಬಿ. ಲೋಹದಲ್ಲಿ ಬಿರುಕು ಹುಡುಕಲು ಡೈ ಪೆನೆಟ್ರಂಟ್ ಅಂತ ಬರುತ್ತದಲ್ಲ, ಕೆಂಪು ಬಣ್ಣ, ಕ್ಲೀನರ್, ಡೆವಲಪರ್ ಅಂತ ಮೂರು ಡಬ್ಬಿ. ಅದರಲ್ಲಿ ಡೆವಲಪರ್ ಒಂದೇ ಬೇಕು, ಬಿಡಿಯಾಗಿಯೂ ಸಿಗುತ್ತದೆ. ಹೊಡೆದರೆ ಒಂದೆರಡು ನಿಮಿಷಕ್ಕೆ ಒಣಗಿ, ಸುಣ್ಣ ಬಳಿದ ಗೋಡೆಯ ಹಾಗೆ ಬೆಳ್ಳಗೆ ಕೂರುತ್ತದೆ. ವಿಮಾನದ 100ಎಲ್ಎಲ್ ಪೆಟ್ರೋಲಿಗೆ ನೀಲಿ ಬಣ್ಣ ಸೇರಿಸಿರುತ್ತಾರೆ. ಬೆಳ್ಳಗಿನ ಮೇಲೆ ನೀಲಿ ಬಿದ್ದರೆ ಹುಡುಕುವ ಕೆಲಸವೇ ಉಳಿಯುವುದಿಲ್ಲ.

ಇದು ಯಾಕೆ ಬೇಕು ಅಂದರೆ, ಪೆಟ್ರೋಲ್ ತಾನು ಹುಟ್ಟಿದ ಜಾಗದಲ್ಲಿ ನಿಲ್ಲುವುದಿಲ್ಲ. ಪೈಪಿನ ಹೊಟ್ಟೆಯ ಮೇಲೆ ಹರಿದು, ಹೋಸ್‌ನ ಫೈರ್‌ಸ್ಲೀವ್ (ಬೆಂಕಿ ತಡೆಯುವ ಹೊದಿಕೆ) ಒಳಗೆ ಇಳಿದು, ಎಲ್ಲೋ ಬೇರೆ ಕಡೆ ತೊಟ್ಟಿಕ್ಕುತ್ತದೆ. ಅಷ್ಟರಲ್ಲಿ ಅರ್ಧ ಆವಿಯಾಗಿರುತ್ತದೆ. ನನ್ನ ಪಂಪಿನ ತಳದಲ್ಲಿ ನೀಲಿ ಕಲೆ ಕಟ್ಟಿತ್ತು. ನೋಡಿದವರೆಲ್ಲ ಪಂಪಿನ ಜೋಡಣೆ, ಅಂದರೆ ಅದರ ಮೈಯ ಭಾಗಗಳು ಸೇರುವ ಜಾಗ, ಸೋರುತ್ತಿದೆ ಅಂದರು. ನೋಡಲು ಹಾಗೇ ಇತ್ತು. ಪಕ್ಕದಲ್ಲಿದ್ದ ಕಂದು ಜಿಡ್ಡು ಮಾತ್ರ ಆಯಿಲ್, ಅದು ಪಂಪ್ ಕೂರುವ ಫ್ಲ್ಯಾಂಜಿನ ಗ್ಯಾಸ್ಕೆಟ್‌ನಿಂದ ಬಂದದ್ದು, ಅದರ ಕಥೆ ಬೇರೆ. ಪೆಟ್ರೋಲ್ ಆರಿಹೋಗಿ ಬಣ್ಣ ಮಾತ್ರ ಉಳಿಯುತ್ತದೆ, ಆಯಿಲ್ ಅಂಟಿಕೊಂಡೇ ಇರುತ್ತದೆ. ಬೆರಳಿಟ್ಟು ನೋಡಿದರೆ ತಿಳಿಯುತ್ತದೆ.

ಎಂಜಿನ್ ಚಾಲೂ ಮಾಡಬೇಕಾಗಿಯೂ ಇಲ್ಲ. ರೆಕ್ಕೆ ಕೆಳಗಿರುವ ವಿಮಾನಗಳಲ್ಲಿ ಸಾಮಾನ್ಯವಾಗಿ ಎಂಜಿನ್ ಪಂಪಿಗೆ ನೆರವಾಗುವ ಎಲೆಕ್ಟ್ರಿಕ್ ಬೂಸ್ಟ್ ಪಂಪ್ ಇರುತ್ತದೆ, ನನ್ನದರಲ್ಲಿ ಟಿಕ್ ಟಿಕ್ ಅನ್ನುವ ಫೆಸೆಟ್ ಬ್ರಾಂಡಿನದು ಇದೆ. ಅದು ಹರಿವಿನಲ್ಲಿ ಎಂಜಿನ್ ಪಂಪಿಗಿಂತ ಮೊದಲು ಬರುತ್ತದೆ. ಅದನ್ನು ಆನ್ ಮಾಡಿದರೆ ಎಂಜಿನ್ ಪಂಪಿನ ಒಳಗೂ ಹೊರಗೂ ಪ್ರೆಶರ್ ಕೂರುತ್ತದೆ. ಮಿಕ್ಸ್ಚರ್ ಹಿಡಿ ಕಟ್‌ಆಫ್‌ನಲ್ಲಿರಲಿ, ಅಂದರೆ ಎಂಜಿನ್ನಿಗೆ ಇಂಧನ ಹೋಗದ ಹಾಗಿರಲಿ. ಎಲ್ಲವನ್ನೂ ಒರೆಸಿ, ಒಣಗಿಸಿ, ಬಿಳಿ ಹೊಡೆದು, ಅದು ಪೂರ್ತಿ ಆರಿದ ಮೇಲೆಯೇ ಸ್ವಿಚ್ ಹಾಕಿ. ಆ ಸ್ಪ್ರೇ ಕೂಡ ಹೊತ್ತಿಕೊಳ್ಳುವಂಥದ್ದು, ಬಿಸಿ ಎಂಜಿನ್ ಮೇಲೆ ಹೊಡೆಯುವ ಮಾತೇ ಇಲ್ಲ. ಬಾಗಿಲು ತೆರೆದಿರಲಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆ ಸಿಗುವಲ್ಲಿರಲಿ. ವೈರ್ ಎಳೆದು ನೇತುಹಾಕುವ ಬಲ್ಬು ಬೇಡ, ಸೀಲ್ ಆಗಿರುವ ಎಲ್ಇಡಿ ಟಾರ್ಚ್ ಸಾಕು.

ಟಾರ್ಚ್ ಹಿಡಿಯಲು ನನ್ನ ಬಾಮೈದ ಬಂದಿದ್ದ. ಅವನಿಗೆ ವಿಮಾನದ ಗಂಧ ಗಾಳಿ ಗೊತ್ತಿಲ್ಲ, ಆದರೆ ಕಣ್ಣು ಚುರುಕು. ಬೂಸ್ಟ್ ಪಂಪ್ ಟಿಕ್ ಟಿಕ್ ಅಂತ ಓಡುತ್ತಿದೆ, ಗೇಜ್ ಮುಳ್ಳು ಮೇಲಿದೆ, ಪಂಪಿನ ಜೋಡಣೆ ಒಣ ಒಣ. ನಾನು ಅದನ್ನೇ ನೋಡುತ್ತಿದ್ದೆ.

“ಭಾವ, ಅಲ್ಲಲ್ಲ, ಮೇಲೆ ನೋಡಿ. ಆ ಬಾಗಿದ ಪೈಪಿನ ಬುಡದಲ್ಲಿ.”

ಪಂಪಿನಿಂದ ಕಾರ್ಬ್ಯುರೇಟರ್ ಕಡೆ ಹೋಗುವ ಎಲ್ಬೋದ ಬುಡ. ಥ್ರೆಡ್ ಪಂಪಿನ ಒಳಗೆ ಹೋಗುವ ಜಾಗದಲ್ಲಿ ಕೂದಲಿನಷ್ಟು ತೆಳ್ಳಗಿನ ನೀಲಿ ಗೆರೆ. ನೋಡನೋಡುತ್ತಿದ್ದಂತೆ ಗೆರೆ ಕೆಳಗೆ ಇಳಿಯಿತು, ಪಂಪಿನ ಮೈ ಮೇಲೆ ಅರ್ಧಚಂದ್ರದ ಹಾಗೆ ಸುತ್ತಿ ತಳದಲ್ಲಿ ಬಂದು ಸೇರಿತು. ಕಲೆ ಕಟ್ಟಿದ್ದ ಅದೇ ಜಾಗ. ಪಂಪಿನ ಜೋಡಣೆಯದು ಏನೂ ತಪ್ಪಿರಲಿಲ್ಲ.

“ಇನ್ನೊಂದು ಇದೆ ಭಾವ, ಈ ಕಡೆ ನಟ್ಟಿನ ಹತ್ತಿರ.”

ಅದು ಪಂಪಿಗೆ ಇಂಧನ ಬರುವ ಕಡೆಯ ಹೋಸ್ ನಟ್ಟು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಇದು ಮೂರರಲ್ಲಿ ತುಂಬಾ ಕಳ್ಳ ಸೋರಿಕೆ. ಬೂಸ್ಟ್ ಪಂಪ್ ಆಫ್ ಇದ್ದು ಎಂಜಿನ್ ಪಂಪ್ ಒಂದೇ ಓಡುವಾಗ, ಇಂಧನ ಬರುವ ಲೈನಿನಲ್ಲಿ ಪ್ರೆಶರ್ ಇರುವುದಿಲ್ಲ, ಎಳೆತ ಇರುತ್ತದೆ. ಟ್ಯಾಂಕ್ ಕೆಳಗೆ ರೆಕ್ಕೆಯಲ್ಲಿ, ಪಂಪ್ ಮೇಲೆ. ಅಲ್ಲೊಂದು ಸಂದಿ ಇದ್ದರೆ ಇಂಧನ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಒಂದು ಹನಿಯೂ ಕಾಣುವುದಿಲ್ಲ. ಕಾಣುವುದು ಗೇಜ್ ಮುಳ್ಳಿನ ಸಣ್ಣ ನಡುಕ ಮಾತ್ರ. ಟೇಕಾಫ್, ಲ್ಯಾಂಡಿಂಗ್ ಹೊತ್ತಿಗೆ ಬೂಸ್ಟ್ ಪಂಪ್ ಹಾಕಿದಾಗ ಅದೇ ಸಂದಿಯಿಂದ ಹೊರಗೆ ಜಿನುಗುತ್ತದೆ. ನನ್ನ ಮುಳ್ಳು ಮೊದಲಿನಿಂದಲೂ ನಡುಗುತ್ತಿತ್ತು. ಸೆನ್ಸರ್ ಕಳಪೆ ಇರಬೇಕು ಅಂತ ಹ್ಯಾಂಗರಿನಲ್ಲಿ ಎಲ್ಲರೂ ಅನ್ನುತ್ತಿದ್ದರು. ನಟ್ಟು ಸರಿ ಮಾಡಿದ ಮೇಲೆ ಅದೇ ಸೆನ್ಸರ್ ಸದ್ದಿಲ್ಲದೆ ಕೂತಿದೆ.

ಮೂರನೆಯದು ನಿಜಕ್ಕೂ ಪಂಪಿನದೇ. ಡ್ರೈನ್ ಪೈಪಿನ ತುದಿಗೆ ಬಿಳಿ ಕಾಗದ ಹಿಡಿದು ಪ್ರೊಪೆಲ್ಲರ್ ಕೈಯಲ್ಲಿ ನಿಧಾನಕ್ಕೆ ತಿರುಗಿಸಿದಾಗ ನೀಲಿ ಹನಿ ಬಿತ್ತು. ಮ್ಯಾಗ್ನೆಟೋ ಆಫ್ ಇದ್ದರೆ ಸಾಲದು, ಸ್ಪಾರ್ಕ್ ಪ್ಲಗ್ ಬಿಚ್ಚಿಟ್ಟೇ ಈ ಕೆಲಸ ಮಾಡಿ. ಮ್ಯಾಗ್ನೆಟೋದ ಒಂದು ಅರ್ಥಿಂಗ್ ವೈರ್ ಕಳಚಿದ್ದರೂ ಎಂಜಿನ್ ತಟ್ಟನೆ ಹೊತ್ತಿ ಕೈ ಹೋಗುತ್ತದೆ.

ಹಳೆಯ ಪಂಪ್ ಸ್ಕ್ರೂ ಹಾಕಿ ಜೋಡಿಸಿದ್ದು, ಬಿಚ್ಚಲು ಬರುತ್ತದೆ. ಬಿಚ್ಚಿ ನೋಡಿದೆ. ಡಯಾಫ್ರಮ್ ಅಂದರೆ ಬಟ್ಟೆಗೆ ರಬ್ಬರ್ ಹಚ್ಚಿದ ಹಾಳೆ. ಮಧ್ಯದ ಲೋಹದ ಬಿಲ್ಲೆಯ ಸುತ್ತ ಅದು ಮಡಚಿ ಮಡಚಿ ಬಾಗುವ ಜಾಗವೊಂದಿದೆ. ಅಲ್ಲಿ ರಬ್ಬರ್ ಹೊಳಪು ಹೋಗಿ, ಒಣಗಿದ ಕೆರೆಯ ತಳದಂತೆ ಸಣ್ಣ ಸಣ್ಣ ಬಿರುಕು ಬಿಟ್ಟಿತ್ತು. ಒಂದು ಕಡೆ ಬಿರುಕು ಬಟ್ಟೆಯನ್ನೂ ದಾಟಿತ್ತು. ಹಿಂದೆ ಟಾರ್ಚ್ ಹಿಡಿದರೆ ಬೆಳಕು ಸೂಜಿಮೊನೆಯಷ್ಟು ಇಣುಕುತ್ತಿತ್ತು. ಇದು ಓಡಿ ಸವೆದದ್ದಲ್ಲ. ಅರ್ಧ ಕಟ್ಟಿದ ವಿಮಾನ ಷೆಡ್ಡಿನಲ್ಲಿ ನಿಂತಿತ್ತಲ್ಲ, ಆಗ ಒಣಗಿದ್ದು. ನೈಟ್ರೈಲ್ ರಬ್ಬರ್ ಇಂಧನದಲ್ಲಿ ನೆನೆದೇ ಇದ್ದರೆ ಮೆತ್ತಗಿರುತ್ತದೆ, ಒಣಗಿದರೆ ಕುಗ್ಗಿ ಗಟ್ಟಿಯಾಗುತ್ತದೆ. ಎಥನಾಲ್ ಬೆರೆತ ಪೆಟ್ರೋಲ್ ಹಾಕಿದರೆ ಉಬ್ಬುವ ತೊಂದರೆ ಬೇರೆ. ಹಾರಿದ ಗಂಟೆ ಕಡಿಮೆ ಇದೆ, ಪಂಪ್ ಹೊಸದರ ಹಾಗೇ ಇದೆ ಅಂತ ಹೇಳಿ ಮಾರುವವರ ಮಾತು ನಂಬಬೇಡಿ. ರೋಟ್ಯಾಕ್ಸ್ 912 ಅನ್ನುವ ಇನ್ನೊಂದು ವಿಮಾನ ಎಂಜಿನ್ ಇಟ್ಟುಕೊಂಡವರಿಗೆ 5 ವರ್ಷಕ್ಕೊಮ್ಮೆ ರಬ್ಬರ್ ಭಾಗಗಳನ್ನು ಬದಲಿಸಿ ಅಂತ ಕೈಪಿಡಿಯೇ ಹೇಳುತ್ತದೆ, ಗಂಟೆ ಎಷ್ಟೇ ಆಗಿರಲಿ. ಲೈಕಮಿಂಗ್ ಇರುವವರೂ ಪಂಪಿನ ವಯಸ್ಸನ್ನು ವರ್ಷದಲ್ಲಿ ಎಣಿಸುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಹಾಗಾದರೆ ರಿಪೇರಿ ಕಿಟ್ ಹಾಕಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಕಿಟ್ ಕೂಡ ತರಿಸಿದ್ದೆ. ಡಯಾಫ್ರಮ್, ವಾಲ್ವ್, ಗ್ಯಾಸ್ಕೆಟ್ ಎಲ್ಲ ಇದೆ. ಆದರೆ ಪೊಟ್ಟಣದ ಮೇಲೆ ರಬ್ಬರ್ ಯಾವುದು ಅಂತ ಬರೆದಿಲ್ಲ, ಅದು ಯಾವಾಗ ತಯಾರಾಯಿತು ಅಂತಲೂ ಇಲ್ಲ. ನೈಟ್ರೈಲೋ ವೈಟಾನೋ ಫ್ಲೋರೋಸಿಲಿಕೋನೋ? ವೈಟಾನ್ ಎಥನಾಲ್‌ಗೆ ಜಗ್ಗುವುದಿಲ್ಲ, ಆದರೆ ಚಳಿಗೆ ಬೇಗ ಬಿರುಸಾಗುತ್ತದೆ. ಫ್ಲೋರೋಸಿಲಿಕೋನ್ ಎಂಥ ಚಳಿಯಲ್ಲೂ ಮೆತ್ತಗಿರುತ್ತದೆ. ಯಾವುದು ಅಂತ ಗೊತ್ತಿಲ್ಲದ ರಬ್ಬರನ್ನು ಪ್ರೆಸ್‌ಗೇ ಹಾಕುವುದಿಲ್ಲ ನಾನು, ವಿಮಾನಕ್ಕೆ ಹಾಕುತ್ತೇನಾ? ಕಿಟ್ಟಿಗೆ ಎರಡು ಸ್ಟಾರ್. ಅದೂ ಗ್ಯಾಸ್ಕೆಟ್ ಚೆನ್ನಾಗಿ ಕತ್ತರಿಸಿದ್ದಾರೆ ಅಂತ.

ಕಿಟ್ ಹಾಕುವವರು ಒಂದು ಮಾತು ನೆನಪಿಟ್ಟುಕೊಳ್ಳಿ. ಸ್ಕ್ರೂಗಳನ್ನು ಮೊದಲು ಸುಮ್ಮನೆ ಕೂರುವಷ್ಟು ತಿರುಗಿಸಿ, ಆಮೇಲೆ ತೋಳನ್ನು ಪೂರ್ತಿ ಒತ್ತಿ ಹಿಡಿದುಕೊಂಡೇ ಎದುರುಬದುರಾಗಿ ಬಿಗಿಮಾಡಬೇಕು. ತೋಳು ಬಿಟ್ಟು ಬಿಗಿಮಾಡಿದರೆ ಡಯಾಫ್ರಮ್‌ಗೆ ಸಡಿಲವೇ ಉಳಿಯುವುದಿಲ್ಲ, ಪ್ರತಿ ಎಳೆತಕ್ಕೂ ಅಂಚಿನಲ್ಲಿ ಜಗ್ಗಿ ಬೇಗ ಹರಿಯುತ್ತದೆ. ಕಿಟ್ಟಿನ ಜೊತೆ ಇದನ್ನು ಹೇಳುವ ಕಾಗದವೂ ಇರಲಿಲ್ಲ.

ಹೊಸ ಪಂಪಿನಲ್ಲಿ ಸ್ಕ್ರೂ ಇಲ್ಲ. ಅಂಚನ್ನು ಮಡಚಿ ಒತ್ತಿ ಸೀಲ್ ಮಾಡಿದ್ದಾರೆ, ಬಿಚ್ಚುವ ಹಾಗಿಲ್ಲ. ಕೆಟ್ಟರೆ ಎಸೆಯಬೇಕು. ರಿಪೇರಿ ಮಾಡಿ ಬದುಕುವವನಿಗೆ ಇದು ಇಷ್ಟವಾಗುವ ವಿಷಯ ಅಲ್ಲ, ಆದರೂ ಈ ಜಾಗಕ್ಕೆ ಇದೇ ಸರಿ. ಕಾಲ ಕಳೆದಂತೆ ಗ್ಯಾಸ್ಕೆಟ್ ಕೂತು ಸ್ಕ್ರೂ ಸಡಿಲವಾಗುವ ತೊಂದರೆ ಇಲ್ಲಿಲ್ಲ. ಎರಕ ನುಣುಪಾಗಿದೆ, ಥ್ರೆಡ್ ಚೊಕ್ಕವಾಗಿದೆ, ಪಂಪ್ ಕೂರುವ ಮುಖ ನೇರವಾಗಿದೆ. ಕನ್ನಡಿಯ ಮೇಲೆ ಎಮರಿ ಹಾಳೆ ಇಟ್ಟು ಒಂದೆರಡು ಸಲ ಉಜ್ಜಿ ನೋಡಿದೆ, ಎಲ್ಲ ಕಡೆ ಒಂದೇ ಸಮ ಹೊಳಪು ಬಂತು. ಒಳಗೆ ಬರುವ ಬಾಯಿ, ಹೊರಗೆ ಹೋಗುವ ಬಾಯಿ ಯಾವುದು ಅಂತ ಬಾಣದ ಗುರುತು ಹಾಕಿದ್ದಾರೆ. ಡಬ್ಬಿಯ ಮೇಲೆ ತಯಾರಾದ ದಿನಾಂಕವೂ ಇದೆ.

ಕಾಗದಕ್ಕೆ ಬೈದದ್ದು ಸಾಲದು, ಇನ್ನೂ ಇದೆ. ಫಿಟಿಂಗ್‌ಗಳ ಬಗ್ಗೆ ಅದರಲ್ಲಿ ಇರುವುದು “ಸೂಕ್ತ ಸೀಲಂಟ್ ಬಳಸಿ ಬಿಗಿಗೊಳಿಸಿ” ಅನ್ನುವಷ್ಟೇ. ಸೂಕ್ತ ಅಂದರೆ ಯಾವುದು ಸ್ವಾಮಿ?

ನನ್ನ ಹಳೆಯ ಎಲ್ಬೋ ಬಿಚ್ಚಿದಾಗ ಥ್ರೆಡ್ ತುಂಬ ಬಿಳಿ ಟೆಫ್ಲಾನ್ ಟೇಪ್. ನೀರಿನ ನಲ್ಲಿಗೆ ಸುತ್ತುವುದೇ ಅದು. ಇಂಧನದ ಲೈನಿಗೆ ಅದು ಬೇಡವೇ ಬೇಡ. ಬಿಗಿಮಾಡುವಾಗ ಎಳೆ ಎಳೆಯಾಗಿ ಹರಿದು ಒಳಗೆ ಹೋಗುತ್ತದೆ, ಮುಂದೆ ಕಾರ್ಬ್ಯುರೇಟರ್ ಬಾಯಿಯ ಜಾಲರಿಗೆ ಅಂಟುತ್ತದೆ. ನನ್ನ ಜಾಲರಿ ಬಿಚ್ಚಿ ನೋಡಿದರೆ ಸಾಕ್ಷಿ ಅಲ್ಲೇ ಕೂತಿತ್ತು, ಬೆಳ್ಳನೆಯ ಒಂದು ಸಣ್ಣ ಸುರುಳಿ. ಹೈಡ್ರಾಲಿಕ್ ಕೆಲಸದಲ್ಲೂ ಇದೇ ಪಾಠ, ಟೇಪಿನ ಎಳೆ ವಾಲ್ವಿನಲ್ಲಿ ಸಿಕ್ಕಿ ಪ್ರೆಸ್ ನಿಂತದ್ದನ್ನು ಬೇಕಾದಷ್ಟು ನೋಡಿದ್ದೇನೆ.

ನಾನು ಹಾಕಿದ್ದು ಲಾಕ್‌ಟೈಟ್ 567. ಬಿಳಿ ಪೇಸ್ಟ್, ಗಾಳಿ ಸಿಗದ ಕಡೆ ಲೋಹಗಳ ನಡುವೆ ಗಟ್ಟಿಯಾಗುತ್ತದೆ. ಇದಕ್ಕೆ ಕಣ್ಣು ಮುಚ್ಚಿ ಐದು ಸ್ಟಾರ್. ತುದಿಯ ಎರಡು ಥ್ರೆಡ್ ಬಿಟ್ಟು ಹಿಂದಿನ ಥ್ರೆಡ್‌ಗಳಿಗೆ ತೆಳ್ಳಗೆ ಹಚ್ಚಬೇಕು, ಒಳಗೆ ಹೋಗಬಾರದಲ್ಲ. ಗಟ್ಟಿಯಾಗಲು ಸಮಯ ಕೊಡಬೇಕು, ಹಚ್ಚಿದ ಕೂಡಲೇ ಪ್ರೆಶರ್ ಹಾಕಬೇಡಿ. ಆಗಾಗ ಬಿಚ್ಚುವ ಜಾಗಕ್ಕೆ ಈಜಿ ಟರ್ನ್ ಹಚ್ಚುವವರಿದ್ದಾರೆ, ಹಳಬರು ಫ್ಯೂಯಲ್ ಲೂಬ್ ಅನ್ನುವುದು ಅದನ್ನೇ. ಅದು ಗಟ್ಟಿಯಾಗುವುದೇ ಇಲ್ಲ, ಗ್ರೀಸಿನ ಹಾಗೇ ಉಳಿಯುತ್ತದೆ. ಒಳ್ಳೆಯದೇ. ಬೆರಳಿಗೆ ಹತ್ತಿದರೆ ಮಾತ್ರ ನಾಳೆಯ ತನಕ ಬಿಡುವುದಿಲ್ಲ.

ಟೇಪಿಗಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಪಂಪಿನ ಬಾಯಿಯ ಥ್ರೆಡ್ ಎನ್‌ಪಿಟಿ, ಅಂದರೆ ಮೊನಚಾಗುತ್ತಾ ಹೋಗುವ ಥ್ರೆಡ್. ಒಂದು ಅಡಿ ಉದ್ದಕ್ಕೆ ಮುಕ್ಕಾಲು ಇಂಚು ಸಣ್ಣದಾಗುವ ಲೆಕ್ಕ. ಒಳಗೆ ಹೋದಂತೆ ಬೆಣೆಯ ಹಾಗೆ ಕಚ್ಚಿಕೊಳ್ಳುತ್ತದೆ. ಕೈಯಲ್ಲಿ ತಿರುಗುವಷ್ಟು ತಿರುಗಿಸಿ, ಆಮೇಲೆ ಪಾನಾ ಹಾಕಿ ಒಂದೂವರೆಯಿಂದ ಎರಡು ಸುತ್ತು. ಎಲ್ಬೋ ಮುಖ ಬೇಕಾದ ದಿಕ್ಕಿಗೆ ಬರದಿದ್ದರೆ ಮುಂದಕ್ಕೇ ತಿರುಗಿಸಬೇಕು, ಹಿಂದಕ್ಕೆ ಎಳೆದರೆ ಕಚ್ಚಿದ್ದು ಬಿಟ್ಟುಹೋಗುತ್ತದೆ. ನನ್ನ ಎಲ್ಬೋ ಹಿಂದಕ್ಕೆ ಎಳೆದು ದಿಕ್ಕು ಕೂರಿಸಿದ್ದು ಅಂತ ಥ್ರೆಡ್ ಮೇಲಿನ ಗುರುತೇ ಹೇಳುತ್ತಿತ್ತು. ಮುಂದಕ್ಕೆ ಅತಿಯಾಗಿ ಬಿಗಿಮಾಡಿದರೂ ಕಷ್ಟ, ಪಂಪಿನ ಮೈ ಅಲ್ಯೂಮಿನಿಯಂ, ಸೀಳಿಬಿಡುತ್ತದೆ. ದಿಕ್ಕು ಹೊಂದದಿದ್ದರೆ ಇನ್ನೊಂದು ಎಲ್ಬೋ ಹಾಕಿ ನೋಡಿ. ಥ್ರೆಡ್ ಶುರುವಾಗುವ ಜಾಗ ಒಂದೊಂದರಲ್ಲಿ ಒಂದೊಂದು ಥರ ಇರುತ್ತದೆ.

ಇದನ್ನೆಲ್ಲ ಪಂಪ್ ಎಂಜಿನ್ನಿಗೆ ಹಾಕುವ ಮೊದಲೇ, ವೈಸ್‌ನಲ್ಲಿ ಮೆತ್ತನೆ ದವಡೆ ಕೊಟ್ಟು ಹಿಡಿದು ಮುಗಿಸಿಕೊಳ್ಳಿ. ಎಂಜಿನ್ ಮೇಲೆ ಇಟ್ಟು ಎಲ್ಬೋ ತಿರುಗಿಸಲು ಜಾಗವೂ ಇಲ್ಲ, ಹತೋಟಿಯೂ ಸಿಗುವುದಿಲ್ಲ. ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಬೆಂಕಿ ತಡೆ) ಮುಂದಿನ ಫಿಟಿಂಗ್‌ಗಳನ್ನು ನಾನು ಸ್ಟೀಲ್‌ನದೇ ಹಾಕಿದೆ. ಬೆಂಕಿ ಬಿದ್ದರೆ ಅಲ್ಯೂಮಿನಿಯಂ ಬೇಗ ಕರಗುತ್ತದೆ.

ಇನ್ನು ಆ ಕಳ್ಳ ನಟ್ಟು. ಬಿಚ್ಚಿದರೆ ಫಿಟಿಂಗಿನ ತುದಿಯ 37 ಡಿಗ್ರಿ ಕೋನಿನ ಮೇಲೆ ಯಾವುದೋ ಸೀಲಂಟ್ ಮೆತ್ತಿದ್ದರು. ಕೋನು ಸೀಲ್ ಆಗುವುದು ಲೋಹಕ್ಕೆ ಲೋಹ ಕೂತು, ಅಲ್ಲಿ ಪೇಸ್ಟಿಗೆ ಕೆಲಸವೇ ಇಲ್ಲ. ಪೇಸ್ಟ್ ಒರೆಸಿದ ಮೇಲೆ ಅಡ್ಡಕ್ಕೆ ಒಂದು ಗೀರು ಕಂಡಿತು, ಉಗುರು ಆಡಿಸಿದರೆ ತಡೆಯುತ್ತಿತ್ತು. ಗೀರು ಮುಚ್ಚಲು ಪೇಸ್ಟ್, ಪೇಸ್ಟ್ ಸಾಲದೆ ಇನ್ನಷ್ಟು ಬಿಗಿ. ಹೊಸ ಸ್ಟೀಲ್ ಫಿಟಿಂಗ್ ಹಾಕಿದೆ, ಟಾರ್ಕ್ ರೆಂಚ್ ಹಾಕಿ ಬಿಗಿಮಾಡಿದೆ. 3/8 ಇಂಚಿನ ಅಲ್ಯೂಮಿನಿಯಂ ಪೈಪಿನ ಫ್ಲೇರ್ ನಟ್ಟಿಗೆ ಸಾಮಾನ್ಯವಾಗಿ ಹೇಳುವುದು 75ರಿಂದ 125 ಇಂಚ್-ಪೌಂಡ್. ಸ್ಟೀಲ್‌ಗೆ, ಹೋಸ್ ತುದಿಗೆ ಲೆಕ್ಕ ಬೇರೆ, ಹೋಸ್ ಜೊತೆ ಬಂದ ಪಟ್ಟಿ ನೋಡಿ.

ಪಂಪ್ ಕೂರಿಸುವುದು. ಒಂದು ಬೋಲ್ಟು ಕೈಗೆ ಸಿಗುತ್ತದೆ, ಇನ್ನೊಂದು ಸಿಗುವುದಿಲ್ಲ. ಸಣ್ಣ ಹಿಡಿಯ ಪಾನಾ ಒಂದನ್ನು ಬಾಗಿಸಿಕೊಂಡೆ, ಹ್ಯಾಂಗರಿನಲ್ಲಿ ಎಲ್ಲರ ಹತ್ತಿರವೂ ಇಂಥದ್ದೊಂದು ಬಾಗಿದ ಪಾನಾ ಇರುತ್ತದೆ. ಅದಕ್ಕಿಂತ ಮುಖ್ಯ ಪ್ಲಂಜರ್. ಹಳೆಯ ಪಂಪ್ ತೆಗೆದ ಕೂಡಲೇ ಅದು ಜಾರಿ ಕೆಳಗೆ ಇಳಿದು ಹೊಸ ಪಂಪಿನ ತೋಳಿಗೆ ಅಡ್ಡ ನಿಲ್ಲುತ್ತದೆ. ಪ್ರೊಪೆಲ್ಲರ್ ತಿರುಗಿಸಿ, ಕ್ಯಾಮ್ ಪ್ಲಂಜರನ್ನು ಒತ್ತದೆ ಇರುವ ಜಾಗಕ್ಕೆ ತಂದುಕೊಳ್ಳಿ. ಪ್ಲಂಜರಿಗೆ ದಪ್ಪ ಗ್ರೀಸ್ ಹಚ್ಚಿ ಮೇಲಕ್ಕೆ ತಳ್ಳಿದರೆ ಸ್ವಲ್ಪ ಹೊತ್ತು ಅಂಟಿಕೊಂಡು ನಿಲ್ಲುತ್ತದೆ. ಅಷ್ಟರಲ್ಲಿ ಪಂಪ್ ಒಳಗೆ ಹೋಗಬೇಕು, ತೋಳು ಪ್ಲಂಜರಿನ ಕೆಳಗೇ ಕೂರಬೇಕು. ಪಕ್ಕಕ್ಕೆ ಕೂತರೆ ಪಂಪ್ ಕೆಲಸ ಮಾಡುವುದಿಲ್ಲ, ಬಲವಂತಕ್ಕೆ ಬೋಲ್ಟ್ ಬಿಗಿದರೆ ತೋಳು ಮುರಿಯುವ ಭಯ. ಪರೀಕ್ಷೆ ಸುಲಭ. ಬೋಲ್ಟ್ ಪೂರ್ತಿ ಬಿಗಿಯುವ ಮೊದಲು ಪ್ರೊಪೆಲ್ಲರ್ ತಿರುಗಿಸಿ, ಪಂಪಿನ ಬಾಯಿಗೆ ಬೆರಳಿಡಿ. ಎಳೆತ, ಒತ್ತಡ ಬೆರಳಿಗೇ ತಿಳಿಯುತ್ತದೆ. ಕಾಗದದಲ್ಲಿ ಪ್ಲಂಜರ್ ಅನ್ನುವ ಶಬ್ದವೇ ಇಲ್ಲ, ಮತ್ತೆ ಹೇಳಬೇಕಾ?

ಜೋಡಿಸಿ ಆದ ಮೇಲೆ ಮತ್ತೆ ಬಿಳಿ ಹೊಡೆದು ಬೂಸ್ಟ್ ಪಂಪ್ ಹಾಕಿ ನೋಡಿದೆ. ಒಣ. ಬಾಮೈದ ಟಾರ್ಚ್ ಆರಿಸಿ ಹೊರಡಲು ನೋಡಿದ, ಬಿಡಲಿಲ್ಲ. ನಿಜವಾದ ಪರೀಕ್ಷೆ ಇರುವುದು ಬಿಸಿ ಎಂಜಿನ್ ನಿಲ್ಲಿಸಿದ ಮೇಲೆ. ಓಡುವಾಗ ಗಾಳಿ ಬೀಸಿ ತಂಪಾಗಿರುತ್ತದೆ, ನಿಂತ ಮೇಲೆ ಸಿಲಿಂಡರಿನ ಕಾವೆಲ್ಲ ಹಿಂದಕ್ಕೆ ಹರಿದು ಪಂಪಿಗೆ ಬರುತ್ತದೆ. ಪಂಪಿಗೂ ಕಾರ್ಬ್ಯುರೇಟರಿನ ಸೂಜಿ ವಾಲ್ವಿಗೂ ನಡುವೆ ಸಿಕ್ಕಿಕೊಂಡ ಇಂಧನ ಹಿಗ್ಗುತ್ತದೆ. ಎಂಜಿನ್ ನಿಂತಿದ್ದರೂ ಗೇಜ್ ಮುಳ್ಳು ಮೇಲೇರುವುದು ಅದಕ್ಕೇ, ಗಾಬರಿ ಬೇಡ. ತಣ್ಣಗಿದ್ದಾಗ ಹಿಡಿದಿದ್ದ ಫಿಟಿಂಗ್ ಈ ಹೊತ್ತಿನಲ್ಲಿ ಕೈಕೊಡುತ್ತದೆ. ಕೌಲಿಂಗ್ ಇಲ್ಲದೆ ನೆಲದ ಮೇಲೆ ಓಡಿಸಿ, ನಿಲ್ಲಿಸಿ, ಅರ್ಧ ಗಂಟೆ ಕಾದು ಬಿಳಿ ಕಾಗದ ಹಿಡಿದು ಒಂದೊಂದೇ ಜೋಡಣೆ ಒರೆಸಿ ನೋಡಿದೆವು. ಬಿಸಿ ಎಂಜಿನ್ನಿಗೆ ಸ್ಪ್ರೇ ಇಲ್ಲ, ಕಾಗದ ಮಾತ್ರ. ಎಲ್ಲೂ ನೀಲಿ ಬರಲಿಲ್ಲ. ಡ್ರೈನ್ ಪೈಪನ್ನೂ ಕೌಲಿಂಗ್ ಹೊರಗೆ, ಎಕ್ಸಾಸ್ಟ್ ಬಾಯಿಯಿಂದ ದೂರಕ್ಕೆ ಎಳೆದು ಕ್ಲಿಪ್ ಹಾಕಿದ್ದೇನೆ. ಹಾರುವ ಮೊದಲು ಅದರ ತುದಿಗೊಂದು ಬೆರಳು ಹಚ್ಚಿ ನೋಡುವುದು ಈಗ ಚೆಕ್‌ಲಿಸ್ಟ್‌ನಲ್ಲಿದೆ.

ಪಂಪಿಗೆ ಒಂದು ಸ್ಟಾರ್ ಕಡಿತ ಯಾಕೆ ಅಂದರೆ, ಜೊತೆಗೆ ಬಂದ ಫ್ಲ್ಯಾಂಜ್ ಗ್ಯಾಸ್ಕೆಟ್ ತೆಳ್ಳಗಿನ ಕಾಗದದ್ದು, ಅದೂ ಒಂದೇ. ಕೂರಿಸುವಾಗ ಹರಿದರೆ ಇನ್ನೊಂದು ಬರುವ ತನಕ ಕೈಕಟ್ಟಿ ಕೂರಬೇಕು. ಬೇರೆ ಎರಡು ತರಿಸಿಟ್ಟುಕೊಂಡೇ ಕೆಲಸ ಶುರು ಮಾಡಿ.

ಇಂಜೆಕ್ಷನ್ ಇರುವ ಎಂಜಿನ್‌ನವರು ಈ ಪಂಪ್ ಕೊಳ್ಳಬೇಡಿ. ನೋಡಲು ಎರಡೂ ಅಣ್ಣತಮ್ಮಂದಿರ ಹಾಗೇ ಇರುತ್ತವೆ, ಬೋಲ್ಟ್ ತೂತೂ ಕೂರುತ್ತದೆ. ಆದರೆ ಐಓ-320ನಂಥ ಇಂಜೆಕ್ಷನ್ ಎಂಜಿನ್‌ಗಳಿಗೆ ಬೇಕಾದ ಪ್ರೆಶರ್ ಸಾಮಾನ್ಯವಾಗಿ 14ರಿಂದ 45 ಪಿಎಸ್ಐ. ಇದು ಅಲ್ಲಿಗೆ ಮುಟ್ಟುವುದೇ ಇಲ್ಲ. ಅದಲು ಬದಲಾಗಿ ಆ ಪಂಪನ್ನು ಕಾರ್ಬ್ಯುರೇಟರ್ ಎಂಜಿನ್ನಿಗೆ ಹಾಕಿದರೆ ಸೂಜಿ ವಾಲ್ವ್ ತಡೆಯಲಾರದೆ ಕಾರ್ಬ್ಯುರೇಟರ್ ತುಂಬಿ ಹರಿಯುತ್ತದೆ. ಆರ್ಡರ್ ಮಾಡುವಾಗ ಫೋಟೋ ನೋಡಬೇಡಿ, ಎಂಜಿನ್ನಿನ ಪಾರ್ಟ್ಸ್ ಪುಸ್ತಕದಲ್ಲಿರುವ ನಂಬರ್ ಹೊಂದಿಸಿ.